ಮೈಬಣ್ಣದ ಡಬ್ಬಿ

ಹಲಸೂರಿನ ನಮ್ಮ ಮನೆಯ ಪಕ್ಕದ ಶೀಟಿನ ಶೆಡ್ಡಿನಲ್ಲಿ ಅಪ್ಪ ಬೋರ್ಡು ಬರೆಯುತ್ತಿದ್ದ. ಅಂಗಡಿ ಬೋರ್ಡು, ಸಿನಿಮಾ ಬ್ಯಾನರು, ಸತ್ತವರ ಚಿತ್ರ, ಏನು ಕೇಳಿದರೂ ಸೈ. ಯಾವ ಬಣ್ಣ ಕಲಸಿದರೂ ಮೊದಲು ತನ್ನ ಎಡಗೈ ಮಣಿಕಟ್ಟಿಗೆ ಒಂದು ಗೆರೆ ಹಚ್ಚಿ ಬೆಳಕಿಗೆ ಹಿಡಿದು ನೋಡುತ್ತಿದ್ದ. ಊಟಕ್ಕೆ ಮುಂಚೆ ಅಮ್ಮ ಕೊಬ್ಬರಿ ಎಣ್ಣೆ ಬಟ್ಟೆಯಿಂದ ಆ ಗೆರೆಗಳನ್ನು ಒರೆಸುವುದು ಮನೆಯ ವಾಡಿಕೆ. ಅಪ್ಪ ಹೋದ ಮೇಲೆ ಶೆಡ್ಡು ನನ್ನದಾಯಿತು, ಅಮ್ಮ ಹಿಡಿದು ಒರೆಸುವ ಕೈಯೂ ನನ್ನದಾಯಿತು.

ಅಪ್ಪ ಹಚ್ಚಿ ನೋಡದೆ ಬಳಸುತ್ತಿದ್ದದ್ದು ಒಂದೇ ಬಣ್ಣ. ಬಿಳಿಗೆ ಚೂರು ಕೆಂಪು, ಚೂರು ಹಳದಿ ಹಾಕಿ ಕಲಸಿ, ಡಬ್ಬಿಯ ಮೇಲೆ ‘ಮೈ’ ಎಂದು ಬರೆದಿಡುತ್ತಿದ್ದ. ಹೀರೋಗಳು, ಕಾರ್ಪೊರೇಟರು, ತೀರಿಕೊಂಡ ಅಜ್ಜಿಯರು, ಎಲ್ಲರೂ ಆ ಡಬ್ಬಿಯಿಂದಲೇ ಎದ್ದು ಬಂದವರು. ನಮ್ಮ ಮನೆ ಗೋಡೆಯ ಬುದ್ಧನೂ ಅಷ್ಟೆ. ಅಪ್ಪ ಕಪ್ಪಗಿದ್ದ. ನಾನು ಅವನಿಗಿಂತ ಒಂದು ಕೈ ಮೇಲು. ಆ ಡಬ್ಬಿಯಲ್ಲಿ ನಾವಿಲ್ಲವೆಂದು ಶೆಡ್ಡಿನೊಳಗೆ ಒಬ್ಬರಿಗೂ ಅನಿಸಲಿಲ್ಲವಲ್ಲ ಎಂದು ಈಗ ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ.

ಅಮ್ಮ ಭಾನುವಾರ ಬಂತೆಂದರೆ ಕಡಲೆಹಿಟ್ಟು ಹಾಕಿ ನನ್ನನ್ನು ಪಾತ್ರೆ ತಿಕ್ಕಿದ ಹಾಗೆ ತಿಕ್ಕುತ್ತಿದ್ದಳು. ನನಗೆ ಗಂಡಸರೇ ಇಷ್ಟ, ಹುಡುಗಿ ನೋಡುವುದನ್ನು ಬಿಟ್ಟುಬಿಡು ಎಂದು ಇಪ್ಪತ್ತೇಳನೆಯ ವಯಸ್ಸಿನಲ್ಲಿ ಹೇಳಿದಾಗ ಅವಳು ಅಳಲಿಲ್ಲ, ಬಯ್ಯಲಿಲ್ಲ. ಮೊರದಲ್ಲಿ ಅಕ್ಕಿ ಆರಿಸುತ್ತಲೇ, “ಮೊದ್ಲೇ ಕರಿಯ, ಈಗ ಇದೊಂದು ಬೇರೆ” ಅಂದಳು. ನುಚ್ಚು, ಕಲ್ಲು ತೆಗೆದಿಟ್ಟ ಹಾಗೆ ನನ್ನ ಎರಡನ್ನೂ ಒಟ್ಟಿಗೆ ಪಕ್ಕಕ್ಕಿಟ್ಟಳು. ಆ ಮಾತಿಗೆ ನಾನು ಅವಳನ್ನು ಇನ್ನೂ ಕ್ಷಮಿಸಿಲ್ಲ.

ನನಗೊಬ್ಬಳು ಗೆಳತಿ ಇದ್ದಾಳೆ, ಬಾಣಸವಾಡಿಯಲ್ಲಿ. ನೈಜೀರಿಯಾದವಳು, ಓದಲು ಬಂದು ಇಲ್ಲೇ ಉಳಿದವಳು, ಚಿತ್ರ ಬರೆಯುವವಳು, ಹೆಂಗಸರನ್ನೇ ಪ್ರೀತಿಸುವವಳು. ಬೀದಿಯವರಿಗೆ ಅವಳ ದೇಶದ ಹೆಸರೂ ಬೇಡ, ‘ಆಫ್ರಿಕಾ’ ಅಂದರೆ ಮುಗಿಯಿತು. ‘ಟು ಲೆಟ್’ ಬೋರ್ಡು ಕಣ್ಣೆದುರೇ ನೇತಾಡುತ್ತಿದ್ದರೂ ಅವಳ ಮುಖ ನೋಡಿ ಮನೆ ಖಾಲಿ ಇಲ್ಲ ಅನ್ನುತ್ತಾರೆ. ಅವಳು ಕನ್ನಡ ಕಲಿತದ್ದು ಆಟೋದವರಿಂದ, ಹಾಗಾಗಿ ನನ್ನನ್ನು ಮಗಾ ಅನ್ನುತ್ತಾಳೆ. ದಿನಾ ಬೆಳಿಗ್ಗೆ ಕಾಫಿಗೂ ಮುಂಚೆ ಕನ್ನಡಿಯ ಮುಂದೆ ಕೂತು ತನ್ನ ಮುಖ ಬರೆಯುತ್ತಾಳೆ. ಬೀದಿ ತನ್ನನ್ನು ನೋಡುವ ಮೊದಲು ತಾನೇ ನೋಡಿಕೊಂಡುಬಿಡಬೇಕಂತೆ. ನೀನೂ ಬರಿ ಎಂದು ನನಗೆ ಎಷ್ಟೋ ಸಲ ಹೇಳಿದ್ದಳು. ನಾನು ತಲೆಯಾಡಿಸಿ ಬರುತ್ತಿದ್ದೆ.

ಕಳೆದ ವರ್ಷ ನಮ್ಮಂಥವರೇ ಸೇರಿ ಬೆನ್ಸನ್ ಟೌನಿನ ಒಂದು ಹಾಲಿನಲ್ಲಿ ಪ್ರದರ್ಶನ ಇಟ್ಟುಕೊಂಡೆವು. ಜೋಡಿ ಜೋಡಿಯಾಗಿ ಒಬ್ಬರ ಮುಖ ಇನ್ನೊಬ್ಬರು ಬರೆಯಬೇಕು. ನಾನು ಅವಳನ್ನು ಬರೆದೆ, ಅವಳು ನನ್ನನ್ನು. ಹತ್ತು ದಿನ ಮುಂಚೆ ಅವಳ ರೂಮಿನಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟೆವು. ನಾನು ಬರೆದ ಚಿತ್ರದ ಮುಂದೆ ಅವಳು ಬಂದು ನಿಂತಳು.

“ಮಗಾ, ಇದ್ಯಾರು?”

ಅವಳೇ. ಆದರೆ ಕೆನ್ನೆ, ಹಣೆ, ಮೂಗಿನ ಮೇಲೆಲ್ಲ ನನ್ನ ಕೈ ತಾನಾಗಿಯೇ ಅಪ್ಪನ ಡಬ್ಬಿಗೆ ಹೋಗಿ ಬಂದಿತ್ತು. ನಾಲ್ಕು ಸಲ ಒಗೆದ ಬಟ್ಟೆಯಂತೆ ಬಣ್ಣ ಬಿಟ್ಟು ಬೆಳ್ಳಗಾಗಿದ್ದಳು. ಅಲ್ಲಿಗೆ ತಪ್ಪಾಯ್ತು ಎಂದು ಬಾಯಿ ಮುಚ್ಚಿಕೊಳ್ಳಬಹುದಿತ್ತು. ನಾನು ಅವಳು ಬರೆದ ನನ್ನ ಮುಖದ ಕಡೆ ತಿರುಗಿ, “ನಾನು ಇಷ್ಟು ಕಪ್ಪಾ?” ಅಂದುಬಿಟ್ಟೆ.

ಆ ಮಾತನ್ನು ಯಾರೆದುರಿಗೆ ಆಡಿದೆ ನೋಡಿ. ಥೂ, ನನ್ನ ಜನ್ಮಕ್ಕಿಷ್ಟು! ಅವಳು ಕೂಗಾಡಲಿಲ್ಲ. ಎರಡೂ ಚಿತ್ರಗಳನ್ನು ಗೋಡೆಯ ಕಡೆಗೆ ತಿರುಗಿಸಿಟ್ಟಳು. ಬಾಗಿಲ ಹೊರಗೆ ತನಗೆ ದಿನವೂ ಸಿಗುವುದನ್ನು ನಾನು ಬಾಗಿಲ ಒಳಕ್ಕೆ ತಂದೆನೆಂದೂ, ನನ್ನ ಮುಖ ನಾನೇ ಬರೆದು ತರುವವರೆಗೆ ಈ ಮೆಟ್ಟಿಲು ಹತ್ತಬಾರದೆಂದೂ ಇಂಗ್ಲಿಷಿನಲ್ಲಿ, ನಿಧಾನವಾಗಿ ಹೇಳಿದಳು. ಇಡೀ ಊರಿನಲ್ಲಿ ನಾನು ಏನನ್ನೂ ಮುಚ್ಚಿಡದೆ ಕೂರುತ್ತಿದ್ದ ಜಾಗ ಅದೊಂದೇ. ನನ್ನ ಬಾಯಿಂದಲೇ ಅದನ್ನು ಕಳೆದುಕೊಂಡು ಮೆಟ್ಟಿಲಿಳಿದೆ.

ಅಪ್ಪ ಸತ್ತ ಮೇಲೂ ನಾನೇ ಕಲಸಿ ಕಲಸಿ ತುಂಬಿಸಿಡುತ್ತಿದ್ದ ‘ಮೈ’ ಡಬ್ಬಿಯನ್ನು ಮುಚ್ಚಳ ಬಡಿದು ಮರುದಿನ ಕಸದ ಗಾಡಿಗೆ ಎಸೆದೆ. ಕನ್ನಡಿ ತಂದು ಶೆಡ್ಡಿನಲ್ಲಿ ಒರಗಿಸಿದೆ. ಮೊದಲ ಮೂರು ದಿನ ಸಿಟ್ಟಿಗೆ ಕಪ್ಪು ಡಬ್ಬಿಯಿಂದಲೇ ಬಳಿದೆ. ಅದೂ ಸುಳ್ಳು. ನನ್ನ ಮೈ ಆ ಡಬ್ಬಿಯಲ್ಲೂ ಇಲ್ಲ. ಕಂದು, ನೀಲಿ, ಚೂರು ಕೆಂಪು ಕಲಸುವುದು, ಮಣಿಕಟ್ಟಿಗೆ ಹಚ್ಚುವುದು, ಸರಿಯಿಲ್ಲವೆಂದು ಮತ್ತೆ ಕಲಸುವುದು. ಕಣ್ಣಿನ ಕೆಳಗೆ ನೇರಳೆ ಇದೆ, ತುಟಿಯ ಅಂಚಿನಲ್ಲಿ ಡಿಕಾಕ್ಷನ್ನಿನ ಬಣ್ಣ ಇದೆ. ಇಷ್ಟು ವರ್ಷ ಶೇವ್ ಮಾಡಿದ ಮುಖ, ಒಂದು ದಿನವೂ ನೋಡಿರಲಿಲ್ಲ. ಎಂಟನೆಯ ದಿನ ಚಿತ್ರದ ಕಣ್ಣಿಗೆ ಕಾಡಿಗೆ ಹಚ್ಚಿದೆ. ಚಿಕ್ಕವನಿದ್ದಾಗ ಕದ್ದು ಹಚ್ಚಿಕೊಂಡು ಅಮ್ಮನ ಕೈಲಿ ಏಟು ತಿಂದಿದ್ದು ಅದೇ ಕಾಡಿಗೆಗೆ. ನಾನು ಚೆನ್ನಾಗಿದ್ದೆ ಕಣ್ರೀ. ಅದು ಗೊತ್ತಾದಾಗ ನನಗೆ ಖುಷಿಯಾಗಲಿಲ್ಲ, ಸಿಟ್ಟು ಇನ್ನೂ ಏರಿತು. ಇದನ್ನು ಇಷ್ಟು ವರ್ಷ ನನಗೆ ಹೇಳದೆ ಇದ್ದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಕೇಳಬೇಕೆನಿಸಿತು.

ಒಂಬತ್ತನೆಯ ದಿನ ಮಧ್ಯಾಹ್ನ ಅಮ್ಮ ಊಟಕ್ಕೆ ಕರೆಯಲು ಬಂದಳು. ಚಿತ್ರ ನೋಡಿದಳು, ಕಾಡಿಗೆ ನೋಡಿದಳು. ಎಣ್ಣೆ ಬಟ್ಟೆ ಹಿಡಿದು ನನ್ನ ಎಡಗೈ ಎಳೆದುಕೊಂಡಳು. ಕೊನೆಯ ಸಲ ಕಲಸಿದ ಬಣ್ಣದ ಗೆರೆ ಅಲ್ಲಿ ಒಣಗಿತ್ತು. ಬೆಳಕಿಗೆ ತಿರುಗಿಸಿದಳು, ಕನ್ನಡಕ ಏರಿಸಿದಳು, ಹೆಬ್ಬೆರಳಿನಿಂದ ಸವರಿದಳು.

“ಎಲ್ಲೋ ಹಚ್ಚಿದೀಯ? ಕಾಣ್ತಾನೇ ಇಲ್ಲ.”

“ಹುಡುಕು” ಅಂದೆ.

ಹುಡುಕಿದಳು. ಒರೆಸಲು ಏನೂ ಸಿಗಲಿಲ್ಲ. ಬಟ್ಟೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋಗಿ ಅನ್ನ ಬಡಿಸಿದಳು.

ಸಂಜೆ ಚಿತ್ರವನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬಾಣಸವಾಡಿಯ ಮೆಟ್ಟಿಲು ಹತ್ತಿದೆ. ಗೆಳತಿ ಬಾಗಿಲಲ್ಲೇ ನಿಂತು ಅದನ್ನು ನೋಡಿದಳು. ಆಮೇಲೆ ಒಳಗೆ ಹೋಗಿ, ತಾನು ಬರೆದಿದ್ದ ನನ್ನ ಮುಖವನ್ನು ಗೋಡೆಯಿಂದ ಈ ಕಡೆಗೆ ತಿರುಗಿಸಿದಳು. ನಾನು ಬರೆದಿದ್ದ ಅವಳ ಮುಖವನ್ನು ಮುಟ್ಟಲಿಲ್ಲ. ಪ್ರದರ್ಶನಕ್ಕೆ ಒಂದೇ ದಿನ ಉಳಿದಿತ್ತು. ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಎಳೆದು ಬೆಳಕಿಗೆ ಮುಖ ಕೊಟ್ಟು ಕೂತಳು.

“ಈಗ ನನ್ನ ಬರಿ” ಅಂದಳು.