ಅಮ್ಮಿ ಮಾರದ ದಿಂಬು

ಹೊಸ ಹತ್ತಿ ಬಿಚ್ಚಿದಾಗ ಬರುವ ಒಣ ಘಮ ನಿಮಗೂ ಗೊತ್ತಿರಬಹುದು. ನನಗಂತೂ ಅದು ಅನ್ನದ ವಾಸನೆ. ಮಾನ್ವಿಯಲ್ಲಿ ನಮ್ಮದು ಗಾದಿ, ದಿಂಬು ಹೊಲಿಯುವ ಪಿಂಜಾರರ ಮನೆ. ಇವತ್ತು ಬೆಳಿಗ್ಗೆ ದೇವದುರ್ಗದ ಕಡೆಯವನೊಬ್ಬ ಅಂಗಡಿಗೆ ಬಂದು, “ಯವ್ವಾ, ಭಾಳ ಮೆತ್ತನ್ನ ದಿಂಬು ಬೇಕಾಗ್ಯಾದ್ರಿ. ನಮ್ಮಾಕಿ ಕುತ್ತಿಗಿ ಸುಟ್ಟದ, ರಾಯಚೂರು ದವಾಖಾನ್ಯಾಗ ಅದಾಳ” ಎಂದ. ಹತ್ತಿ ಬಿಡಿಸುತ್ತಿದ್ದ ಅಮ್ಮಿಯ ಕೈ ಅಲ್ಲೇ ನಿಂತಿತು.

ಅವನು ಸ್ಟೂಲಿನ ಮೇಲೆ ಕೂತಿರಲಿ. ನೀವು ನನ್ನ ಜೊತೆ ಸ್ವಲ್ಪ ಹಿಂದಕ್ಕೆ ಬನ್ನಿ.

ಕೆಲವು ವರ್ಷಗಳ ಹಿಂದೆ ನನ್ನ ತಂಗಿ ಶಮೀಮ ಅನ್ನ ಬಸಿಯುವಾಗ ಅವಳ ದುಪಟ್ಟಾಕ್ಕೆ ಒಲೆಯ ಬೆಂಕಿ ಹತ್ತಿ, ಗದ್ದದಿಂದ ಎದೆಯವರೆಗೆ ಸುಟ್ಟಿತ್ತು. ರಾಯಚೂರಿನ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಹುಡುಗಿಗೆ ನಿದ್ದೆ ಬರುತ್ತಿಲ್ಲ ಎಂದು ತಿಳಿದಾಗ ಅಮ್ಮಿ ಮಾಡಿದ್ದು ಒಂದೇ ಕೆಲಸ. ಬೂರುಗದ ಹತ್ತಿ ಆರಿಸಿ, ಬಟ್ಟೆ ಕುದಿಸಿ ಒಣಗಿಸಿ, ದಿಂಬು ಹೊಲಿದು ತಂದು ಶಮೀಮಳ ತಲೆಯಡಿ ಇಟ್ಟಳು. ಬಾಣಂತಿ ಇರಲಿ, ನಡುನೋವಿನ ಮುದುಕ ಇರಲಿ, ನಮ್ಮ ಮನೆಯಲ್ಲಿ ಎಲ್ಲರ ಕಷ್ಟಕ್ಕೂ ಹತ್ತಿಯೇ ಮದ್ದು. ಇಂದಿಗೂ ನೆಟ್ಟಗೊಂದು ಹೊಲಿಗೆ ಹಾಕಲು ಬಾರದ ನಾನು ಸೂಜಿಗೆ ದಾರ ಪೋಣಿಸಿ ಕೊಟ್ಟಿದ್ದೆ.

ಮರುದಿನ ವಾರ್ಡಿಗೆ ಒಂದು ಗುಂಪು ಬಂತು. ಮುಂದೆ ಕುಳ್ಳಗಿನ ಹೆಂಗಸು, ವಿಮಲಾ ಮೇಡಂ. ದನಿಯೋ ಕಂಡಕ್ಟರನ ದನಿ. “ಯಾರ್ರಿ ಇದನ್ನ ಇಟ್ಟವ್ರು?” ಎಂದವಳೇ ಶಮೀಮಳ ತಲೆ ಹಿಡಿದು ದಿಂಬು ಎಳೆದೇಬಿಟ್ಟಳು. ಶಮೀಮ ಚೀರಿದಳು. “ತಕಿಯಾ ನಕ್ಕೋ ಬೋಲ್ತಿ ಕ್ಯಾ!” ಎಂದಳು ಅಮ್ಮಿ. ದಿಂಬೇ ಬೇಡ ಎನ್ನುತ್ತಾಳಾ ಈ ಹೆಂಗಸು ಎಂದು ಬಾಯಿಗೆ ಸೆರಗು ಒತ್ತಿದಳು. ನಾನು ದಂಗಾಗಿ, ಹಿಂದೆ ನಿಂತಿದ್ದ ಎತ್ತರದ ಡಾಕ್ಟರರ ಕಡೆ ತಿರುಗಿದೆ. “ದೊಡ್ಡ ಡಾಕ್ಟರ್ ನೀವಲ್ಲೇನ್ರಿ? ಇವ್ರಿಗೆ ನೀವರ ಹೇಳ್ರಿ.”

“ಆಪರೇಶನ್ ಮಾಡೋನು ನಾನೇ. ಆದ್ರ ಈ ವಾರ್ಡಿಗೆ ಮುಖ್ಯಸ್ಥರು ಅವರು.”

ವಿಮಲಾ ಮೇಡಂ ಫಿಸಿಯೋಥೆರಪಿಯವರು, ಕೈಕಾಲು ಆಡಿಸಿ ವ್ಯಾಯಾಮ ಮಾಡಿಸುವವರು. ಅಂಥವರ ಕೈಕೆಳಗೆ ಕತ್ತಿ ಹಿಡಿಯುವ ಡಾಕ್ಟರೇ? ಇದೆಂಥ ಆಸ್ಪತ್ರೆಗೆ ತಂದು ಹಾಕಿದೆವಪ್ಪ ಎಂದು ನಿಜಕ್ಕೂ ಹೆದರಿದೆ.

“ಸುಟ್ಟ ತೊಗಲು ಮಾಯುವಾಗ ಬಿಗಿತದ್ರಿ,” ಎಂದರು ಮೇಡಂ. “ದಿಂಬಿಟ್ರ ತಲಿ ಮುಂದ ಬಾಗತದ, ಗದ್ದ ಎದಿಗೆ ಅಂಟತದ. ಆಮ್ಯಾಲ ಈಕಿ ಹೊಳ್ಳಿ ಆಕಾಶ ನೋಡಂಗಿಲ್ಲ. ಅದು ಬೇಕೇನ್ರಿ ನಿಮಗ?”

ನಿಜವಾದ ಆಘಾತ ಇನ್ನೂ ಬಾಕಿಯಿತ್ತು. ಆಪರೇಶನ್ ಆಗಿ ಕೆಲವು ವಾರಕ್ಕೆ, ತೊಡೆಯಿಂದ ತೆಗೆದು ಕುತ್ತಿಗೆಗೆ ಹಚ್ಚಿದ ಚರ್ಮ ಕೂಡಿಕೊಂಡಿತು, ಮನೆಗೆ ಹೋಗಬಹುದು ಎಂದರು ಡಾಕ್ಟರು. ಮಾಮಾ ಜೀಪು ತಂದು ಗೇಟಿನಲ್ಲಿ ನಿಲ್ಲಿಸಿದ್ದ. ನಾನು ಗಂಟು ಕಟ್ಟಿದ್ದೆ. ಅಷ್ಟರಲ್ಲಿ ಮೇಡಂ ಬಂದು, “ಗಾಯ ಮಾಯ್ದದ ಸರ್, ಕುತ್ತಿಗಿ ಇನ್ನೂ ಏಳವಲ್ದು. ನಾ ಬಿಡಂಗಿಲ್ಲ” ಎಂದರು.

“ನಿಮ್ಮ ಮಾತೇ ಆಗ್ಲಿ,” ಎಂದರು ಡಾಕ್ಟರು.

ಡಾಕ್ಟರೊಬ್ಬರ ಬಾಯಲ್ಲಿ ಈ ಮಾತನ್ನು ನೀವು ಎಂದಾದರೂ ಕೇಳಿದ್ದೀರಾ? ನಾನು ಕೇಳಿರಲಿಲ್ಲ. ನನ್ನ ಮುಖ ನೋಡಿ ಅವರೇ ಹೇಳಿದರು: “ಮೊದ್ಲು ಮುಖ್ಯಸ್ಥ ನಾನೇ ಇದ್ದೆ. ಗಾಯ ಮಾಯಿಸಿ ಕಳಸ್ತಿದ್ದೆ. ಮಂದಿ ಗದ್ದ ಎದಿಗೆ ಅಂಟಿಸ್ಕೊಂಡು ತಿರುಗಿ ಬರ್ತಿದ್ರು. ಅದಕ್ಕೇ ಆ ಕುರ್ಚಿ ಅವ್ರಿಗೆ ಬಿಟ್ಟೀನವ್ವ.”

ಜೀಪು ಖಾಲಿ ಹೋಯಿತು. ದಿನವೂ ಮೇಡಂ ಕುತ್ತಿಗೆ ಹಿಂದಕ್ಕೆ ಎಳೆಯುವಾಗ ಶಮೀಮ ನಮ್ಮ ಮನೆಮಾತು ದಖ್ಖನಿಯಲ್ಲಿ ಬೈಯುತ್ತಿದ್ದಳು, ಅವರು ದಖ್ಖನಿಯಲ್ಲೇ ತಿರುಗಿ ಬೈದು ಇನ್ನಷ್ಟು ಎಳೆಯುತ್ತಿದ್ದರು. ಆ ಹೆಂಗಸನ್ನು ನಾನು ಎಷ್ಟು ದ್ವೇಷಿಸಿದೆನೋ ದೇವರಿಗೇ ಗೊತ್ತು.

ಇವತ್ತು ಅಮ್ಮಿ ಆ ದೇವದುರ್ಗದವನಿಗೆ, “ದಿಂಬು ಕೊಡಂಗಿಲ್ಲಪ್ಪ” ಎಂದಳು. ಬಂದ ಗಿರಾಕಿಯನ್ನು ಬರಿಗೈಲಿ ಕಳಿಸಿದವಳಲ್ಲ ಅವಳು.

“ಆಕಿಗೆ ನಿದ್ದಿಲ್ರಿ! ಅಂಗಡಿ ತಗದು ಕುಂತು ಕೊಡಂಗಿಲ್ಲ ಅಂದ್ರ ಹ್ಯಾಂಗ್ರಿ?” ಎಂದ. ಅಂದು ವಾರ್ಡಿನಲ್ಲಿ ನಾವು ನಿಂತ ಹಾಗೆಯೇ ಅವನೂ ಕಂಗಾಲಾಗಿ ನಿಂತಿದ್ದ.

ಒಳಗಿಂದ ಶಮೀಮ ಬಂದಳು. ಹೊರಗಿನವರ ಮುಂದೆ ಎಂದೂ ದುಪಟ್ಟಾ ಸರಿಸದವಳು, ಅವನೆದುರೇ ಅದನ್ನು ತೆಗೆದುಬಿಟ್ಟಳು. ನಾನು ಹೌಹಾರಿದೆ. ಸುಕ್ಕುಸುಕ್ಕಾದ ಕುತ್ತಿಗೆ ಬೆಳಕಿಗೆ ಬಂತು. ಅವಳು ನಿಧಾನಕ್ಕೆ ಗದ್ದ ಎತ್ತಿದಳು, ಇನ್ನೂ ಎತ್ತಿದಳು, ಮುಖ ಪೂರ್ತಿ ಸೂರಿಗೆ ಎದುರಾಗುವವರೆಗೆ.

“ದವಾಖಾನ್ಯಾಗ ಹೇಳ್ದಂಗ ಮಲಗಿಸ್ರಿ, ಅಣ್ಣಾ,” ಎಂದಳು ಹಾಗೇ ಮೇಲೆ ನೋಡುತ್ತ. ಆಮೇಲೆ ನಮ್ಮ ಕಡೆಗೆ, “ಸೂರಿನ್ಯಾಗ ಎಷ್ಟು ಜ್ಯಾಡ ಕಟ್ಯಾದ! ಈ ಮನ್ಯಾಗ ಯಾರೂ ಮ್ಯಾಲ ನೋಡಂಗೇ ಇಲ್ಲೇನು?”