ಮನೆಗೆ ಕರೆತಂದ ಒಂದು ಮಾತು

ಬೆಳಕು ಹರಿಯುವ ಹೊತ್ತು. ವಿದೇಶಾಂಗ ಕಚೇರಿಯ ಮೂರನೇ ಮಹಡಿಯಲ್ಲಿ ಒಂದೇ ಕೋಣೆಯ ದೀಪ ಉರಿಯುತ್ತಿದೆ. ಚಪ್ಪಲಿಯನ್ನು ಮೇಜಿನಡಿ ಬಿಟ್ಟು, ಬರಿಗಾಲಲ್ಲಿ ಅತ್ತಿಂದಿತ್ತ ಓಡಾಡುತ್ತ ಅಕ್ಕ ಫೋನಿನಲ್ಲಿದ್ದಾರೆ. ಕಚೇರಿಯ ಕಿರಿಯರೆಲ್ಲ ಈ ಹಿರಿಯ ಅಧಿಕಾರಿಯನ್ನು ಕರೆಯುವುದೇ ಹಾಗೆ.

ಆ ತುದಿಯಲ್ಲಿರುವುದು ನೆರೆದೇಶದ ಅಧಿಕಾರಿ. ಕಡಲಗಡಿ ದಾಟಿ ಬಂದರೆಂದು ಹಿಡಿದಿಟ್ಟ ಸರಕು ಹಡಗಿನ ನಮ್ಮ ಹನ್ನೊಂದು ಮಂದಿ ನಾವಿಕರು ವರ್ಷದಿಂದ ಅಲ್ಲಿ ಸೆರೆಯಲ್ಲಿದ್ದಾರೆ. ಬಿಡಲು ಒಪ್ಪಿಗೆಯೇನೋ ಆಗಿದೆ. ಜಂಟಿ ಹೇಳಿಕೆಯ ಒಂದೇ ಒಂದು ಪದ ಗಂಟಲಲ್ಲಿ ಸಿಕ್ಕಿಕೊಂಡಿದೆ. ‘ಕ್ಷಮಿಸಿ ಬಿಡುಗಡೆ ಮಾಡುತ್ತೇವೆ’ ಎಂದು ಬರೆಯಬೇಕೆಂಬುದು ಅವರ ಪಟ್ಟು. ತಪ್ಪೇ ಮಾಡದವರಿಗೆ ಕ್ಷಮೆ ಎಲ್ಲಿಯದು ಎಂಬುದು ಇವರ ವಾದ. ಇವತ್ತು ಸಹಿ ಬೀಳದಿದ್ದರೆ ಅಲ್ಲಿನ ಸಚಿವರು ಪ್ರವಾಸ ಹೊರಡುತ್ತಾರೆ; ಮತ್ತೆ ಎಲ್ಲ ಮೊದಲಿನಿಂದ.

ಐದು ರಾಯಭಾರ ಕಚೇರಿಗಳಲ್ಲಿ ದುಡಿದ ಅಕ್ಕನಿಗೆ ಈ ಹಗ್ಗಜಗ್ಗಾಟ ಹೊಸದಲ್ಲ. ಅಪ್ಪ ತೀರಿಕೊಂಡ ದಿನವೂ ಅವರು ಎರಡು ಸಮುದ್ರಗಳಾಚೆ ಸಂಧಾನದ ಮೇಜಿನ ಮುಂದಿದ್ದರು. ಮಗಳು ಊರೂರಿಗೆ ಶಾಲೆ ಬದಲಿಸಿ ಬೆಳೆದಿದ್ದಾಳೆ. “ಜಗಳ ಆಡೋಕೆ ಹೋದ್ರೆ ಜಂಟಿ ಹೇಳಿಕೆ ಹೊರಡಿಸ್ತಾಳೆ” ಎಂದು ಪತಿ ನಗುತ್ತಾರೆ.

ಅಕ್ಕ ಥಟ್ಟನೆ ನಿಲ್ಲುತ್ತಾರೆ.

“ಕ್ಷಮೇನೂ ಬೇಡ, ತಪ್ಪೂ ಬೇಡ ಸರ್. ಮನೆಗೆ ಕಳಿಸಿಕೊಡ್ತೀವಿ ಅಂತ ಬರೀರಿ. ಅದಕ್ಕೆ ಯಾರದೇನು ತಕರಾರು?”

ಮೇಲಿನವರನ್ನು ಕೇಳಿ ಹೇಳುವುದಾಗಿ ಆಚೆಯವರು ಫೋನ್ ಇಡುತ್ತಾರೆ. ಅಕ್ಕ ಕೂರಲಾರರು, ನಿಲ್ಲಲಾರರು. ಕಿಟಕಿಗೂ ಬಾಗಿಲಿಗೂ ನಡುವೆ ಅಲೆಯುತ್ತಾರೆ. ಫೋನ್ ಮತ್ತೆ ಬಡಿದುಕೊಂಡಾಗ ಒಂದೇ ನೆಗೆತಕ್ಕೆ ಎತ್ತುತ್ತಾರೆ. ಒಪ್ಪಿಗೆ! ಕುರ್ಚಿ ಹಿಡಿದು ನಿಂತ ಅವರ ಮುಖದ ತುಂಬ ನಗು, ಕಣ್ಣಂಚಿನಲ್ಲಿ ನೀರು. ಪಕ್ಕದ ಕತ್ತಲ ಕೋಣೆಯಲ್ಲಿ ತೂಕಡಿಸುತ್ತಿದ್ದ ಟೈಪಿಸ್ಟ್ ಓಡಿಬಂದು ಅವರ ಎರಡೂ ಕೈ ಹಿಡಿದು ಗಿರ್ರನೆ ತಿರುಗಿಸುತ್ತಾಳೆ.

ಮರುದಿನ ವಿಮಾನ ನಿಲ್ದಾಣದಲ್ಲಿ ಕ್ಯಾಮೆರಾಗಳೆಲ್ಲ ನಮ್ಮ ಸಚಿವರತ್ತ. ಅಕ್ಕ ಹಿಂದೆ ಕಂಬಕ್ಕೊರಗಿ ನಿಂತಿದ್ದಾರೆ. ನಾವಿಕನೊಬ್ಬನ ಹೆಂಡತಿ, ಸೊಂಟದ ಮೇಲೆ ಮಗು, ಇವರನ್ನು ನಿಲ್ದಾಣದ ಸಿಬ್ಬಂದಿಯೆಂದೇ ತಿಳಿದು, ಅವರೆಲ್ಲ ಯಾವ ಬಾಗಿಲಿಂದ ಬರುತ್ತಾರೆ ಎಂದು ವಿಚಾರಿಸುತ್ತಾಳೆ. ಅಕ್ಕ ಬೆರಳು ತೋರಿಸುವಷ್ಟರಲ್ಲೇ ಆ ಬಾಗಿಲು ತೆರೆದುಕೊಳ್ಳುತ್ತದೆ. ಅಪ್ಪನ ಗುರುತು ಹತ್ತದೆ ಮಗು ಕಿರುಚಿ ಅಳುತ್ತದೆ. ಅಪ್ಪ ಅಳುತ್ತಲೇ ನಗುತ್ತಾನೆ.

ನೀವು ಯಾರೆಂದು ಆಕೆಗೆ ಹೇಳಬಾರದಿತ್ತೇ ಎಂದು ಆಮೇಲೆ ಕಚೇರಿಯ ಕಿರಿಯರು ಕೇಳಿದರೆ ಅಕ್ಕ ಇಲ್ಲವೆಂದು ತಲೆಯಾಡಿಸುತ್ತಾರೆ.

“ಯಾವ ಬಾಗಿಲು ಅಂದ್ಲು, ಇದೇ ನೋಡಮ್ಮ ಅಂದೆ. ಈ ಕೆಲಸಕ್ಕೆ ಸೇರಿದ ಮೇಲೆ ನಾನು ಕೊಟ್ಟ ನೇರವಾದ ಉತ್ತರ ಅದೊಂದೇ.”