ತಂಗಿ ಗಾಜು ಕೊಯ್ಯಲು ಕಲಿತದ್ದು

ಗಾಜಿನ ಕೆಲಸ ಕಲಿಸಿ ಎಂದು ಯಾರಾದರೂ ಬಂದರೆ ನಾನು ಮೊದಲು ಅವರ ಕೈಗೆ ಕಟರ್ ಕೊಡುವುದಿಲ್ಲ. ಗೋಡೆಗೆ ಒರಗಿಸಿದ ಒಂದು ಹಾಳೆ ಗಾಜನ್ನು ಮೇಜಿನ ತನಕ ತರಲು ಹೇಳುತ್ತೇನೆ. ಗಾಜನ್ನು ನಿಲ್ಲಿಸಿಕೊಂಡೇ ಹೊರಬೇಕು. ತಟ್ಟೆಯ ಹಾಗೆ ಮಲಗಿಸಿ ಹಿಡಿದರೆ ತನ್ನ ಭಾರಕ್ಕೆ ತಾನೇ ಮುರಿಯುತ್ತದೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಚಿಂತಾಮಣಿಯಲ್ಲಿ ಒಬ್ಬ ಉಸ್ತಾದರ ಹತ್ತಿರ ಸೇರಿದಾಗ ನಾನು ಬಹಳ ಕಾಲ ಹೊತ್ತದ್ದೇ ಹೊತ್ತದ್ದು. ಆಮೇಲೆ ದೇವರ ಪಟಗಳಿಗೆ ಕಟ್ಟು ಹಾಕುವುದು, ಅದಾದ ಮೇಲೆ ಕಿಟಕಿ. ಇವತ್ತಿಗೂ ನಮ್ಮ ಕಡೆ ಈ ಕೆಲಸಕ್ಕೆ ಸೇರಲು ಬೇರೆ ದಾರಿಯಿಲ್ಲ. ಬಲ್ಲವರ ಪಕ್ಕದಲ್ಲಿ ನಿಂತು, ಕೈ ಕುಯ್ದುಕೊಂಡು ಕಲಿಯಬೇಕು. ಸ್ಕಂದಗಿರಿಯ ಬುಡದಲ್ಲಿ ಒಂದು ರೆಸಾರ್ಟಿದೆ. ಅದರ ಆಳೆತ್ತರದ ಗಾಜುಗಳನ್ನು ಕೂರಿಸಿದವನು ನಾನು. ಆ ದಾರಿಯಲ್ಲಿ ಹೋಗುವಾಗಲೆಲ್ಲ ಬೈಕ್ ನಿಧಾನ ಮಾಡುತ್ತೇನೆ.

ಗೌರಿಬಿದನೂರಿನ ಅಂಗಡಿಯನ್ನು ನಾನೂ ನನ್ನ ತಂಗಿಯ ಗಂಡನೂ ಸೇರಿ ನಡೆಸುತ್ತಿದ್ದೆವು. ಊರೂರಿಗೆ ಹೋಗಿ ಗಾಜು ಕೂರಿಸುವುದು ನನ್ನ ಪಾಲು, ಅಳತೆ ತಂದು ಅಂಗಡಿಯಲ್ಲಿ ಕೊಯ್ಯುವುದು ಅವನ ಪಾಲು. ನಮ್ಮದು ತೆಲುಗು ಮಾತಾಡುವ ಮನೆ. ತೆಲುಗಿನಲ್ಲಿ ಗಾಜಿಗೂ ಗಾಜು ಅನ್ನುತ್ತಾರೆ, ಬಳೆಗೂ ಗಾಜು ಅನ್ನುತ್ತಾರೆ. ಹಿಂದೂಪುರದ ಬಸ್ಸಿಳಿದು ಬಂದ ಹೆಂಗಸರು ಬೋರ್ಡಿನಲ್ಲಿ ಗಾಜು ಎಂದು ಓದಿ ಎಷ್ಟೋ ಸಲ ನಮ್ಮ ಅಂಗಡಿಗೆ ನುಗ್ಗಿ ಬಳೆ ತೋರಿಸಿ ಎಂದು ಕೇಳಿದ್ದುಂಟು. "ತೋರಿಸ್ತೀನಿ ಬನ್ನಿ ಅಕ್ಕ, ನಮ್ ಬಳೆ ತೊಟ್ರೆ ಕೈಯೇ ಉಳಿಯಲ್ಲ" ಎಂದು ಅವನು ನಗಿಸಿ ಕಳಿಸುತ್ತಿದ್ದ.

ಅವನು ಮಂಚೇನಹಳ್ಳಿಯಲ್ಲಿ ಒಂದು ಮನೆಯ ಅಳತೆ ತೆಗೆದುಕೊಂಡು ಬರುವಾಗ ಎದೆನೋವು ಬಂದು ದಾರಿಯಲ್ಲೇ ಹೋಗಿಬಿಟ್ಟ. ತಿಥಿಯ ದಿನ ಅವನ ಸೋದರತ್ತೆ ತಂಗಿಯ ಪಕ್ಕ ಕೂತು, "ಗಾಜುಲು ತೀಸೆಯ್ಯಮ್ಮ" ಎಂದರು. ಬಳೆ ತೆಗೆದುಬಿಡಮ್ಮ ಎಂದು. ಮೆತ್ತಗೇ ಹೇಳಿದರು. ತಂಗಿ ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡಳು.

"ತಾಳಿ, ಕಾಲುಂಗುರ ನಿಮ್ಮನೇವು, ತಗೊಳ್ಳಿ. ಬಳೆ ನಮ್ಮಮ್ಮ ತೊಟ್ಟಿಲಲ್ಲೇ ಹಾಕಿದ್ದು."

"ಹೌದು, ಬಳೆ ನಮ್ಮನೇವು. ಇರ್ಲಿ ಬಿಡಿ ಅತ್ತೆ" ಎಂದೆ ನಾನು.

"ಅಣ್ಣ ತಂಗಿ ಕೂತ್ಕೊಂಡು ಹೊಸ ಶಾಸ್ತ್ರ ಬರೀರಪ್ಪ" ಎಂದು ಆ ಮುದುಕಿ ಎದ್ದು ಹೋದರು.

ಕೆಲವು ವಾರಗಳ ನಂತರ ತಂಗಿ ಕುಡುಮಲಕುಂಟೆಯ ಗಾರ್ಮೆಂಟ್ಸ್ ಫ್ಯಾಕ್ಟರಿ ಕೆಲಸ ಬಿಟ್ಟು ಅಂಗಡಿಗೆ ಬಂದು ನಿಂತಳು.

"ಅವರ ಜಾಗಕ್ಕೆ ನಾನು ಬರ್ತೀನಿ ಅಣ್ಣ. ಬೇರೆಯವರು ಬಂದು ನಿಂತ್ರೆ ಇಲ್ಲಿ ಅವರಿದ್ರು ಅನ್ನೋದೇ ಮರೆತೋಗುತ್ತೆ."

"ಹೊಲಿಗೆ ಮಿಶನ್ ತುಳಿದಂಗಲ್ಲ ಕಣಮ್ಮ ಇದು. ಒಂದು ತಿಂಗಳು ನೋಡಣ. ಕೈ ಕೂರಲಿಲ್ಲ ಅಂದ್ರೆ ಬೇರೆ ಆಳು ಹುಡುಕ್ತೀನಿ."

"ಹುಡುಕೀಯಂತೆ. ಮೊದ್ಲು ಕಲಿಸು."

ಹೊರುವುದನ್ನು ಅವಳು ಬೇಗ ಕಲಿತಳು. ಕೊಯ್ಯುವುದು ಬರಲಿಲ್ಲ. ಕಟರ್ ಗಾಜನ್ನು ಕತ್ತರಿಸುವುದಿಲ್ಲ, ಗೀರುತ್ತದೆ ಅಷ್ಟೆ. ಈ ಅಂಚಿನಿಂದ ಆ ಅಂಚಿಗೆ, ಎಲ್ಲೂ ನಿಲ್ಲಿಸದೆ, ಒಂದೇ ಸಲ ಗೀರಿ ಆಮೇಲೆ ಮುರಿಯಬೇಕು. ಅದೇ ಗೀರಿನ ಮೇಲೆ ಮತ್ತೊಮ್ಮೆ ಹೋದರೆ ಕಟರೂ ಕೆಟ್ಟಿತು, ಗಾಜೂ ಕೆಟ್ಟಿತು. ಗೀರು ಸರಿ ಬೀಳುತ್ತಿದೆಯೋ ಇಲ್ಲವೋ ಎನ್ನುವುದನ್ನು ಕಣ್ಣಿಗಿಂತ ಮೊದಲು ಕಿವಿ ಹೇಳುತ್ತದೆ. ಹೊಸ ಬಟ್ಟೆ ಹರಿದ ಹಾಗೆ ಒಂದೇ ಸಮನೆ ಸಣ್ಣ ಸದ್ದು ಬರಬೇಕು. ಅದಕ್ಕೇ ಉಸ್ತಾದರು ನಮ್ಮ ಕೈಯಿಂದ ವಾಚು, ಕಡಗ ಎಲ್ಲ ಬಿಚ್ಚಿಸುತ್ತಿದ್ದರು. ತಂಗಿ ಕಟರ್ ಎಳೆದಾಗಲೆಲ್ಲ ಬಳೆಗಳ ಸದ್ದಿನಲ್ಲಿ ಗೀರಿನ ಸದ್ದು ಮುಚ್ಚಿಹೋಗುತ್ತಿತ್ತು. ಗಾಜು ಸೊಟ್ಟಗೆ ಒಡೆಯುತ್ತಿತ್ತು.

ಒಂದು ದಿನ ನಾನು ಫ್ರೇಮಿಗೆ ಮೊಳೆ ಹೊಡೆಯುತ್ತಾ, ತಲೆಯೆತ್ತದೆ, ಮನೆಯ ಮಾತಿನಲ್ಲಿ ಹೇಳಿದೆ: "ಗಾಜುಲು ತೀಸೆಯ್ಯಮ್ಮ."

ಕಟರ್ ಮೇಜಿನ ಮೇಲಿಟ್ಟ ಸದ್ದಾಯಿತು.

"ನೀನೂನಾ ಅಣ್ಣ?" ಎಂದಳು. ಹೊರಗೆ ಹೋಗಿ ಅಂಗಡಿಯ ಮೆಟ್ಟಿಲ ಮೇಲೆ ಕೂತಳು.

ನಾನೇನು ಹೇಳಿದೆ ಎನ್ನುವುದು ಆಗ ನನ್ನ ಕಿವಿಗೆ ಬಿತ್ತು. ಹೋಗಿ ಅವಳ ಹಿಂದೆ ನಿಂತೆ.

"ಕೆಲಸಕ್ಕೋಸ್ಕರ ಹೇಳಿದ್ದು ಕಣಮ್ಮ."

"ಗೊತ್ತು. ಮಾತು ಅದೇ ಅಲ್ವಾ?" ರಸ್ತೆಯ ಕಡೆಗೇ ನೋಡುತ್ತಾ ಅಂದಳು. "ಬಳೆ ಇದ್ರೆ ಈ ಕೆಲಸ ಬರೋದೇ ಇಲ್ಲ ಅನ್ನೋದಾದ್ರೆ ಈಗ್ಲೇ ಹೇಳ್ಬಿಡು. ಫ್ಯಾಕ್ಟರಿಗೇ ಹೋಗ್ತೀನಿ."

ಬರುವುದಿಲ್ಲ ಎಂದು ನಾಲಿಗೆಯ ತುದಿಯಲ್ಲಿತ್ತು. ನನ್ನ ಅರ್ಧ ಆಯಸ್ಸು ಹೋದದ್ದು ಈ ಕೆಲಸದಲ್ಲಿ, ಅದರ ನಿಯಮ ಬದಲಾಯಿಸಲು ನಾನ್ಯಾರು? ಆದರೆ ಅವಳಿಗೆ ಸುಳ್ಳು ಹೇಳುವ ಹಾಗಿರಲಿಲ್ಲ.

"ಬಳೆ ಹಾಕ್ಕೊಂಡು ಕೊಯ್ದೋರ್ನ ನಾನು ನೋಡಿಲ್ಲ. ಬರಲ್ಲ ಅನ್ನೋದೂ ನಂಗೆ ಗೊತ್ತಿಲ್ಲ."

ಅವಳು ಎದ್ದಳು. ಒಳಗೆ ಬಂದು ಚೂರು ಗಾಜಿನ ರಾಶಿಯಿಂದ ಒಂದನ್ನು ಎಳೆದು ಮೇಜಿನ ಮೇಲೆ ಹಾಕಿ ಗೀರಿದಳು. ಅದೂ ಸೊಟ್ಟಗೆ ಒಡೆಯಿತು. ಮಾರನೆಯ ದಿನವೂ ಒಡೆಯಿತು. ಏನೂ ಹೇಳದಿರುವುದು ನನಗೆ ಮೊಳೆ ನುಂಗಿದಷ್ಟು ಕಷ್ಟವಾಯಿತು.

ತಿಂಗಳು ಮುಗಿಯುತ್ತಾ ಬಂದಿದ್ದಾಗ ಒಂದು ಮಧ್ಯಾಹ್ನ ನನ್ನ ಬೆನ್ನ ಹಿಂದೆ ಟಕ್ಕೆಂದಿತು. ತಿರುಗಿ ನೋಡಿದೆ. ಗಾಜು ನೇರವಾಗಿ ಎರಡಾಗಿತ್ತು.

"ಸದ್ದು ಕೇಳಿಸ್ತಾ?"

"ಎಲ್ಲಿ ಕೇಳಿಸುತ್ತೆ ಇವುಗಳ ಗಲಾಟೇಲಿ? ಬೆರಳಿಗೆ ಗೊತ್ತಾಗುತ್ತೆ. ಗಾಜು ಕಟರನ್ನ ಹಿಡ್ಕೊಂಡಂಗಿರುತ್ತೆ. ಬಿಟ್ಟಂಗಾದ್ರೆ ತಪ್ತು ಅಂತ."

ಅವಳು ಊಟಕ್ಕೆ ಹೋದಾಗ ಕಿವಿಗೆ ಹತ್ತಿ ತುರುಕಿಕೊಂಡು ನಾನೂ ಕೊಯ್ದು ನೋಡಿದೆ. ಗಾಜು ಹಾಳಾಯಿತು. ಆ ಚೂರುಗಳನ್ನು ಅವಳು ಬರುವ ಮೊದಲೇ ಗುಡಿಸಿ ಹಾಕಿದೆ.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಒಂದು ಮನೆಗೆ ಅವಳೇ ಕೊಯ್ದ ಗಾಜುಗಳನ್ನು ಕೂರಿಸಲು ಹೋದೆ. ಒಳಗೆ ಗೂಡು ಬೇಯುವ ಆವಿ. ಅದರಲ್ಲಿ ಕಿಟಕಿಯ ಮರ ಉಬ್ಬುತ್ತದೆ, ಬಿಗಿಯಾಗಿ ಕೊಯ್ದ ಗಾಜು ಸೀಳು ಬಿಡುತ್ತದೆ. ಅದಕ್ಕೆ ಸುತ್ತಲೂ ಒಂದಿಷ್ಟು ಎಡೆ ಬಿಟ್ಟು ಕೊಯ್ಯಬೇಕು. ಮೊದಲನೆಯದನ್ನು ಎರಡೂ ಅಂಗೈಯಿಂದ ಒತ್ತಿದೆ. ಹೋಗಿ ಕೂತಿತು. ಎಲ್ಲವೂ ಕೂತವು. ಕೈ ಒರೆಸಿಕೊಂಡು ಅವಳಿಗೆ ಫೋನ್ ಮಾಡಿದೆ.

"ಎಡೆ ಸಾಕಾಯ್ತಾ ಅಣ್ಣ?"

"ಬೇಕಾದಷ್ಟೇ ಇದೆ."

"ಮತ್ತೆ... ಬೇರೆ ಆಳು ನೋಡ್ತೀನಿ ಅಂದಿದ್ಯಲ್ಲ?"

"ಯಾವ ಆಳಮ್ಮ?" ಎಂದೆ.

ಆ ಕಡೆ ಮೂಗೆಳೆದ ಸದ್ದು ಕೇಳಿಸಿತು. ಆಮೇಲೆ, "ಯಾರೋ ಅಳತೆ ತಂದವ್ರೆ, ಇಡ್ತೀನಿ" ಎಂದಳು.